ನೆಂಟರ ಚಾಪೆ

ಲಕ್ಕಿ ಜಗುಲಿಯಲ್ಲಿ ಹೊಸ ಚಾಪೆ ಹಾಸಿ ಹ್ಯಾನಾಳನ್ನು ಕೈಹಿಡಿದು ಕೂರಿಸಿದಾಗ, ಅಂಗಳದಲ್ಲೇ ನಿಂತಿದ್ದ ಐಡಾಳ ಹೊಟ್ಟೆ ಉರಿಯಿತು. ಹ್ಯಾನಾ ವಿದೇಶದ ಚರ್ಚಿನ ತಂಡದ ಜೊತೆ ಹಳದೀಪುರಕ್ಕೆ ಬಂದು ವಾರವಾಗಿತ್ತಷ್ಟೆ. ಅಂಗನವಾಡಿಯ ಗೋಡೆಗೆ ಬಣ್ಣ ಬಳಿದಳು, ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡಳು, ನಾಳೆ ವಿಮಾನ ಹತ್ತುತ್ತಾಳೆ. ಐಡಾ ಹೊನ್ನಾವರದ ಚರ್ಚಿನಿಂದ ಸೇವೆಗೆಂದು ವರ್ಷಗಟ್ಟಲೆ ಬಸ್ಸು ಹತ್ತಿ ಈ ಕೇರಿಗೆ ಬಂದವಳು. ಲಕ್ಕಿಯ ಮಗಳ ಹೆರಿಗೆಗೆ ಆಸ್ಪತ್ರೆಯಲ್ಲಿ ಜೊತೆಗಿದ್ದವಳೂ ಅವಳೇ. ಅವಳಿಗೆ ಮಾತ್ರ ಇಲ್ಲಿ ಒಂದು ದಿನವೂ ಯಾರೂ ಚಾಪೆ ಹಾಸಿರಲಿಲ್ಲ.

ಈಗ ಬಾಳೆಲೆಯೂ ಹ್ಯಾನಾಳ ಮುಂದೆ ಒಂದೇ ಬಿತ್ತು. ಐಡಾ ಚಪ್ಪಲಿ ಮೆಟ್ಟಿಕೊಂಡಳು. "ನಾ ಬಸ್ಸಿಗೆ ಹೋಗ್ತೆ ಲಕ್ಕಕ್ಕ."

"ಎಂತ ಬಸ್ಸು?" ಲಕ್ಕಿ ಗದರಿದಳು. "ಕೈಕಾಲು ತೊಳ್ಕಂಡು ಒಳಗೆ ಹೋಗು. ಒಲೆ ಮೇಲಿನ ಮೀನುಸಾರು ಇಳ್ಸಿ ತಂದು ಬಡ್ಸು. ನೆಂಟ್ರನ್ನ ಕಾಯ್ಸೂಕಾಗ. ನಾವಿಬ್ರು ಆಮೇಲೆ ಉಂಬ್ವ."

ಐಡಾ ನಿಂತಲ್ಲೇ ನಿಂತಳು. ಮನೆಯವರಲ್ಲದವರು ಈ ಕೇರಿಯಲ್ಲಿ ಒಲೆ ಮುಟ್ಟುವುದಿಲ್ಲ. ಚಪ್ಪಲಿ ಬಿಟ್ಟು ಅವಳು ಹೊಸ್ತಿಲು ದಾಟುವಾಗ, ಹ್ಯಾನಾ ತಾನೂ ಎದ್ದಳು. "ನಾನೂ ಒಳಗೆ?" ಎಂದು ತನಗೆ ಬಂದಷ್ಟು ಕನ್ನಡದಲ್ಲಿ ಕೇಳಿದಳು.

"ನೀ ಕೂತ್ಕ ತಂಗಿ. ನೀ ನೆಂಟ್ರು," ಎಂದು ಲಕ್ಕಿ ಅವಳನ್ನು ಚಾಪೆಗೆ ಒತ್ತಿ ಕೂರಿಸಿದಳು.

ಸಾರಿನ ಪಾತ್ರೆ ಹಿಡಿದು ಐಡಾ ಹೊರಬಂದಾಗ ಹ್ಯಾನಾಳ ಕಣ್ಣು ಅವಳ ಕೈಯ ಸೌಟಿನ ಮೇಲೇ ನೆಟ್ಟಿತ್ತು. ಆ ನೋಟದ ಉರಿ ಐಡಾಳಿಗೆ ಚೆನ್ನಾಗಿ ಗೊತ್ತಿತ್ತು.