ಹಣ್ಣಾಗಿ ವಾಪಸು ಬಂದ ಲೋಡು

"ಯಾರೂ ಮುಟ್ಬೇಡಿ, ವಿಷ ಅದು!"

ಚಿಕ್ಕಬಸಪ್ಪನ ಕೂಗಿಗೆ ಪ್ಯಾಕಿಂಗ್ ಶೆಡ್ಡಿನ ಹೆಂಗಸರೆಲ್ಲ ಹಿಂದೆ ಸರಿದರು. ಲಾರಿಯಿಂದ ಇಳಿಸಿದ ಕ್ರೇಟಿನೊಳಗೆ, ಹಾಸಿದ ಪೇಪರಿನ ಮೇಲೆ, ಬೂದುಬಣ್ಣದ ಪುಡಿ ಉದುರಿತ್ತು. ಕಳಲೆ ಊರಿನ ತೋಟದಿಂದ ಹಸಿರಾಗಿ ಹೋಗಿದ್ದ ನೇಂದ್ರಬಾಳೆ ಹಳದಿಯಾಗಿ ಮರಳಿತ್ತು. ಚಿಪ್ಸ್ ಕರಿಯುವವರಿಗೆ ಬೇಕಾದದ್ದು ಕಾಯಿ. "ಮಾಗಿಸೋ ಕಾರ್ಬೈಡ್ ಹಾಕಿ ಕಳಿಸ್ತೀರಾ? ನಾಚಿಕೆ ಆಗಲ್ವಾ?" ಎಂದು ಕಂಪನಿಯವರು ಫೋನಿನಲ್ಲೇ ಉಗಿದು, ಇಡೀ ಲೋಡನ್ನು ವಾಪಸು ಅಟ್ಟಿದ್ದರು.

ಆ ಮಾತು ಚಿಕ್ಕಬಸಪ್ಪನ ಕಿವಿಯಲ್ಲಿ ಇನ್ನೂ ಉರಿಯುತ್ತಿತ್ತು. ಬೆಳಗಿನ ಪೂಜೆಯಾಗದೆ ನೀರು ಮುಟ್ಟದವನು ಅವನು. ಶೆಡ್ಡಿನಲ್ಲೂ ಅಷ್ಟೇ ಮಡಿ. ಕೊಯ್ದಾಗ ಒಸರುವ ಸೋನೆ ಪೂರ್ತಿ ತೊಳೆಯದ ಬಾಳೆಚಿಪ್ಪು ಕ್ರೇಟಿಗೆ ಇಳಿಯುವಂತಿಲ್ಲ. ಯಾರೂ ಹಣ್ಣು ಒಳಗೆ ತರುವಂತಿಲ್ಲ. ಒಂದು ಹಣ್ಣು ಜೊತೆಗಿದ್ದರೆ ಸುತ್ತಲ ಕಾಯೆಲ್ಲ ಮಾಗುತ್ತದೆ ಎಂದು, ಹೆಂಡತಿಯ ತಮ್ಮ ಅಮೃತೇಶನ ಕೈಯಿಂದ ಬಾಳೆಹಣ್ಣನ್ನೇ ಕಸಿದು ಆಚೆ ಎಸೆದಿದ್ದ.

ಅಮೃತೇಶ್ ಮೊದಲು ಹಣ್ಣಿನ ಮಂಡಿಯಲ್ಲಿದ್ದವನು. ಮಾಗಿಸುವ ಪುಡಿಯನ್ನು ಬಲ್ಲವನು. ಕ್ರೇಟುಗಳನ್ನು ತುಂಬಿಸಿದವನೂ ಅವನೇ.

"ಹಳೇ ಬುದ್ಧಿ ಬುಡ್ನಿಲ್ವಲ್ಲೋ. ಏನ್ ಆಕ್ದೆ ಇದ್ರೊಳಗೆ?"

"ನಾನೇನೂ ಆಕಿಲ್ಲ ಭಾವ. ತುಂಬ್ಸಿ ತುಂಬ್ಸಿ ಸಾಕಾಗಿ ಬಿದ್ಕಂಡಿದ್ದೆ. ನೀವು ನಂಜನಗೂಡಿಂದ ತಂದ ಪ್ರಸಾದಾನೂ ಬಾಯಿಗ್ ಬೀಳ್ನಿಲ್ಲ."

"ಯಾರ್ ಬಾಯಿಗ್ ಬಿತ್ತಪ್ಪ?" ಚಿಪ್ಪು ಕೊಯ್ಯುವ ಮಂಚಮ್ಮ ಮೂಲೆಯಿಂದಲೇ ಕುಟುಕಿದಳು. "ಬುಟ್ಟಿ ತುಂಬ ತಂದ ಸ್ವಾಮಿ ನಮ್ ಕಡೆ ತಿರುಗೂ ನೋಡ್ನಿಲ್ಲ."

ಯಾರೋ ಕಿಸಕ್ಕೆಂದರು.

"ತಿನ್ನೋ ಮಾತು ಆಮೇಲೆ!" ಚಿಕ್ಕಬಸಪ್ಪ ಗದರಿದ. "ಮೊದಲ್ನೇ ಲೋಡು ಅಂತ ದೇವ್ರಿಗೆ ಒಪ್ಪಿಸಿದ್ದೆ ಕಣೋ. ಅದಕ್ಕೂ ವಿಷ ಆಕ್ದಲ್ಲ!"

ಹೆಂಡತಿ ಇಂದ್ರಾಣಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅಷ್ಟು ಜನರ ಮುಂದೆ ಗಂಡನ ಮುಖವನ್ನೂ ನೋಡಲಾರಳು, ತಮ್ಮನ ಮುಖವನ್ನೂ ನೋಡಲಾರಳು. ನೆಲ ನೋಡುತ್ತಲೇ ಹೇಳಿದಳು: "ನಿಜ ಹೇಳ್ಬುಡೋ."

ಭಾವನ ಬೈಗುಳಕ್ಕೆ ಬಗ್ಗದ ಅಮೃತೇಶನ ತಲೆ ಅಕ್ಕನ ಆ ಒಂದು ಮಾತಿಗೆ ಬಗ್ಗಿತು.

"ಆಣೆ ಮಾಡು ಹಂಗಾರೆ," ಎಂದ ಚಿಕ್ಕಬಸಪ್ಪ. "ಇಲ್ಲಾಂದ್ರೆ ಇವತ್ತೇ ಈ ಮನೆ ಬುಟ್ಟು ಓಗು."

ಅಮೃತೇಶ್ ಕ್ರೇಟಿನ ಬಳಿ ಕುಕ್ಕರಿಸಿದ. ಪುಡಿಯನ್ನು ಬೆರಳಲ್ಲಿ ತೆಗೆದು ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ಕಣ್ಣು ಮುಚ್ಚಿ, ಹಣೆಗೆ ಅಡ್ಡಲಾಗಿ ಮೂರು ಬೆರಳು ಎಳೆದುಕೊಂಡ.

"ಏ, ವಿಷ ಕಣೋ!" ಇಂದ್ರಾಣಿ ಚೀರಿದಳು.

ಅವನು ಕಿವಿಗೊಡಲಿಲ್ಲ. ಚಿಪ್ಪುಗಳ ಸಂದಿಯಲ್ಲಿ ಕೈ ಇಳಿಸಿ, ಕಪ್ಪಗೆ ಕರಗಿದ ಪುಟ್ಟ ರಸಬಾಳೆ ಹಣ್ಣೊಂದನ್ನು ಮೇಲೆತ್ತಿದ. ಅದರ ಸಿಪ್ಪೆಗೆ ಒಣಗಿದ ಬಿಲ್ವಪತ್ರೆ ಅಂಟಿತ್ತು. ಭಾವನ ಅಂಗೈ ಬಿಡಿಸಿ ಅದನ್ನು ಮೆಲ್ಲಗೆ ಇಟ್ಟ.

"ಎಲ್ಲಾ ಕ್ರೇಟಲ್ಲೂ ಒಂದೊಂದು ಇರ್ಬೇಕು. ಅಲ್ವಾ ಭಾವ?"

ಒಂದು ಕ್ರೇಟನ್ನೂ ಬಿಡದೆ, ವಿಭೂತಿ ಉದುರಿಸಿ, ಕಣ್ಣಿಗೊತ್ತಿಕೊಂಡು ತಾನೇ ಒಳಗಿಟ್ಟ ಪ್ರಸಾದವನ್ನು ಚಿಕ್ಕಬಸಪ್ಪ ಹಣ್ಣೆಂದು ಎಣಿಸಿಯೇ ಇರಲಿಲ್ಲ.