ಕೇಬಲ್ ಬರುವ ದಡ

ಸಮುದ್ರದಡಿಯಿಂದ ಬರುವ ಇಂಟರ್ನೆಟ್ ಕೇಬಲ್ಲು ಯಾವ ದಡದಲ್ಲಿ ಮೇಲೇರಬೇಕೆಂದು ನೋಡುವುದು ಯತೀಶನ ಕೆಲಸ. ದೋಣಿ ಲಂಗರು ಹಾಕದ, ಜನ ಸುಳಿಯದ ಕಡಲತೀರಗಳನ್ನೇ ಅವನು ವರ್ಷಗಟ್ಟಲೆ ಹುಡುಕುತ್ತ ಅಲೆದಿದ್ದ. ಗುಡ್ಡದ ಮರೆಯಲ್ಲಿದ್ದ ಈ ದಡದಲ್ಲಿ ಅವನಿಗೆ ಕಂಡ ಮನುಷ್ಯರೆಂದರೆ ಮೀನು ಒಣಗಿಸುವ ಜಲಜಕ್ಕ ಒಬ್ಬಳೇ.

ದಿನಾ ಸಂಜೆ ಅಳತೆ ಮುಗಿದದ್ದೇ ಅವನು ಫೋನು ಕಿವಿಗಿಟ್ಟುಕೊಂಡು ನೀರಿನಂಚಿನಲ್ಲಿ ಅಡ್ಡಾಡುತ್ತಿದ್ದ. "ಹೇಮಾ, ಇವತ್ತು ಏನಾಯ್ತು ಗೊತ್ತಾ?" ಎಂದು ಶುರುಮಾಡಿ, ಏಡಿ ಕಾಲಿಗೆ ಕಚ್ಚಿದ್ದನ್ನೂ ಗಾಳಿಗೆ ಟೋಪಿ ಹಾರಿದ್ದನ್ನೂ ಹೆಂಡತಿಗೆ ಹೇಳಿ ನಗುತ್ತಿದ್ದ.

ಅಲ್ಲಿಯ ಕೆಲಸ ಮುಗಿದ ದಿನ ಜಲಜಕ್ಕ ಹತ್ತಿರ ಬಂದಳು.

"ಸಾರ್, ಬೇಸರ ಮಾಡ್ಬೇಡಿ. ಈ ದಡದಲ್ಲಿ ಫೋನು ಸಿಗೂದಿಲ್ಲ."

ಯತೀಶ ಫೋನನ್ನು ಮೆಲ್ಲಗೆ ಕಿವಿಯಿಂದ ಇಳಿಸಿದ.

"ಗೊತ್ತು ಜಲಜಕ್ಕ."

"ಗೊತ್ತಿದ್ದೂ ಇಷ್ಟು ದಿನ ಒಬ್ಬರೇ ಮಾತಾಡಿದ್ರಾ ಮಾರಾಯ್ರೇ? ನಮ್ಮವರೆಲ್ಲ ಆ ಗುಡ್ಡ ಹತ್ತಿ ಮಾತಾಡೂದು. ಅಲ್ಲಿ ಚೆನ್ನಾಗಿ ಸಿಗ್ತದೆ. ಬನ್ನಿ, ಕತ್ತಲಾಗುವ ಮೊದ್ಲು ಕರ್ಕೊಂಡು ಹೋಗ್ತೇನೆ. ಪಾಪ, ಆ ಹೆಂಗಸು ನಿಮ್ಮ ಫೋನಿಗೆ ಎಷ್ಟು ಕಾದಿದ್ದಾಳೋ!"

ಅವಳು ಮೀನಿನ ಬುಟ್ಟಿಯನ್ನು ಅಲ್ಲೇ ಇಟ್ಟು ಗುಡ್ಡದ ಕಡೆ ಹೊರಟೇಬಿಟ್ಟಳು. ಹಿಂದೆ ಹೆಜ್ಜೆಯ ಸಪ್ಪಳ ಕೇಳದೆ ತಿರುಗಿ ನೋಡಿದಳು. ಯತೀಶ ನಿಂತಲ್ಲೇ ನಿಂತಿದ್ದ.

"ಬಂದ ದಿನವೇ ಹತ್ತಿದ್ದೆ ಜಲಜಕ್ಕ," ಎಂದ. "ಅಲ್ಲಿಂದ ಮಾಡಿದ್ರೆ ರಿಂಗ್ ಆಗ್ತದೆ. ಅವಳು ಎತ್ತುವುದಿಲ್ಲ."