ಶನಿವಾರದ ಮಗಳು

ಹದಿನಾರು ತುಂಬಿದ ಮಕ್ಕಳು ಪ್ರತಿ ಶನಿವಾರ ಒಂದು ದಿನ ಮೈ ಅದಲುಬದಲು ಮಾಡಿಕೊಳ್ಳುವುದು ಈಗ ಎಲ್ಲರ ಮನೆಯಲ್ಲೂ ಇದ್ದದ್ದೇ. ಅಂದು ನನ್ನ ಮಗಳು ಇಂಚರಾ ಟೆಕ್ಸಾಸಿನಲ್ಲಿ, ನನ್ನ ಅಕ್ಕನ ಮಗಳು ತನ್ವಿಯ ಮೈಯಲ್ಲಿ ಏಳುತ್ತಾಳೆ. ತನ್ವಿ ಹ್ಯಾಂಬರ್ಗಿನ ನಮ್ಮ ಮನೆಯಲ್ಲಿ, ಇಂಚರಾಳ ಮೈಯಲ್ಲಿ ಏಳುತ್ತಾಳೆ.

ಇಂಚರಾ ಇಲ್ಲಿಯ ಮಕ್ಕಳಂತೆಯೇ ಬೆಳೆದವಳು. ಸೈಕಲ್ ಹತ್ತಿ ಹೊರಟರೆ ಎಲ್ಲಿಗೆಂದು ನಾನು ಕೇಳಬಾರದು, ಅವಳು ಹೇಳುವುದೂ ಇಲ್ಲ. ತನ್ವಿ ಹಾಗಲ್ಲ. ಮೂಲೆಯ ಬೇಕರಿಗೆ ಹೋಗುವಾಗಲೂ ಅಪ್ಪಿಕೊಂಡು "ಲವ್ ಯೂ ಚಿಕ್ಕಮ್ಮ" ಅನ್ನುತ್ತಾಳೆ. ಅಮೆರಿಕದಲ್ಲಿ ಮಕ್ಕಳೆಲ್ಲ ಹಾಗೇ ಅಂತೆ.

ನಿನ್ನೆ ಅಕ್ಕ ಫೋನಿನಲ್ಲಿ ನಗುತ್ತಿದ್ದಳು. "ನಿನ್ ಮಗ್ಳು ಚೆನ್ನಾಗಿ ಕಲ್ತಿದಾಳೆ ಕಣೇ. ಶನಿವಾರ ಬಂದಾಗ ಕಾರಿಂದ ಇಳಿಯೋವಾಗೆಲ್ಲ ಲವ್ ಯೂ ದೊಡ್ಡಮ್ಮ ಅಂತಾಳೆ."

ಹೊಟ್ಟೆ ಉರಿದುಹೋಯಿತು. ಹೆತ್ತು ಸಾಕಿದ ನನಗೆ ಅವಳು ಒಂದು ಸಲವೂ ಹಾಗೆ ಅಂದವಳಲ್ಲ.

ಇವತ್ತು ಶನಿವಾರ. ಬೆಳಿಗ್ಗೆ ತನ್ವಿ ಹೊರಡುವಾಗ ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡಳು. ಕೂದಲಲ್ಲಿ ನನ್ನ ಮಗಳ ಶಾಂಪೂವಿನ ವಾಸನೆ. ದನಿಯೂ ನನ್ನ ಮಗಳದೇ.

"ಲವ್ ಯೂ ಚಿಕ್ಕಮ್ಮ."

ನಾನು ಅವಳ ತೋಳು ಬಿಡಲಿಲ್ಲ. "ಇನ್ನೊಂದ್ಸಲ ಹೇಳು," ಅಂದೆ. "ಈ ಸಲ ಚಿಕ್ಕಮ್ಮ ಅನ್ಬೇಡ."